ನೀರು ಬಿಡುವ ಮುಂಚಿನ ಕೂಗು

ಬಿಲ್ಕೀಸಳಿಗೆ ಜ್ವರ ಬಂದದ್ದರಿಂದ, ಲೋಕ ಹಾಳಾದ ಮೇಲೆ ಬದುಕಿ ಉಳಿದವರಲ್ಲಿ ಆದಿಲಕ್ಷ್ಮಿಯೂ ಒಬ್ಬಳಾಗಬೇಕಾಯಿತು.

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮರ್ಫಿ ಟೌನಿನ ಅವಳ ಮನೆಯ ಊಟದ ಮೇಜಿನ ಮೇಲೆ ತಮ್ಮನ ಮಗ ಸುಗತ ನಕ್ಷೆ ಹರಡಿದ್ದ. ಅವನು ಎರಡು ವರ್ಷದಿಂದ ಬರೆಯುತ್ತಿದ್ದ ಆಟ ಅದು. ಇಂಥ ಆಟಗಳನ್ನು ಅಚ್ಚು ಹಾಕಿಸಿ ಮಾರುವ ಇಂದಿರಾನಗರದ ಪ್ರಿಯದರ್ಶಿನಿ ಇವತ್ತು ತಾನೇ ಕೂತು ಆಡಿ, ಬೇಕೋ ಬೇಡವೋ ಹೇಳುವವಳಿದ್ದಳು. ಆಡಲು ಮೂವರು ಬೇಕು. ಅವಳು ಒಬ್ಬಳು, ಸುಗತನ ಗೆಳೆಯ ಸೂರ್ಯ ಇನ್ನೊಬ್ಬ. ಮೂರನೆಯವಳಾಗಿ ಬರಬೇಕಿದ್ದ ಬಿಲ್ಕೀಸಳ ಜಾಗಕ್ಕೆ ಆದಿಲಕ್ಷ್ಮಿ.

“ಅತ್ತೆ, ಸುಮ್ನೆ ಕೂತ್ಕೋ. ನಾನು ಹೇಳ್ದಾಗ ದಾಳ ಹಾಕು, ಅಷ್ಟೇ.”

“ನಾನು ಕೆಡಿಸಿದ್ರೆ?”

“ಕೆಡಿಸೋಕೇನಿದೆ ಇದ್ರಲ್ಲಿ,” ಎಂದ ಸುಗತ. ಬೆಳಗ್ಗೆ ಅವಳು ಅವನಿಗೆ ಬಡಿಸಿದ ಇಡ್ಲಿ ಮಾತ್ರ ಅಡುಗೆಮನೆಯ ಕಟ್ಟೆಯ ಮೇಲೆ ಹಾಗೇ ಇತ್ತು.

ಆಟ ಅಂದರೆ ಹೀಗೆ: ಸುಗತ ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗಿ, ತಾವೇನು ಮಾಡುತ್ತೇವೆ ಎಂದು ಹೇಳುತ್ತಾರೆ. ಮಾಡಿದ್ದು ಕೈಗೂಡುವುದು ಅನುಮಾನವಾದರೆ ದಾಳ ಉರುಳಿಸಬೇಕು. ಆದಿಲಕ್ಷ್ಮಿಗೆ ಚಿಕ್ಕಂದಿನ ಅಡುಗೆಯಾಟ ನೆನಪಾಯಿತು. ಅಲ್ಲಿ ಮಣ್ಣೇ ಅನ್ನ, ಸೊಪ್ಪೇ ಸಾರು. ಇಲ್ಲಿ ಎಲ್ಲವೂ ಕಾಗದ.

ಪ್ರತಿಯೊಬ್ಬರಿಗೂ ಒಂದೊಂದು ಹಾಳೆ ಬಂತು. ಹೆಸರು, ಕೆಲಸ, ಆಯುಧ, ಆಸ್ತಿ. ಕೆಲಸದ ಮುಂದೆ ಆದಿಲಕ್ಷ್ಮಿ ‘ನೀರಗಂಟಿ’ ಎಂದು ಬರೆದಳು. ಆಸ್ತಿಯ ಮುಂದೆ ಏನೂ ಬರೆಯಲಿಲ್ಲ.

“ಆಂಟಿ, ಆಟದಲ್ಲಾದ್ರೂ ಒಂದು ಸೈಟ್ ಬರ್ಕೊಳ್ಳಿ,” ಎಂದ ಸೂರ್ಯ. “ಯಾರೂ ಖಾತೆ ಕೇಳಲ್ಲ.”

“ಕೆರೆ ನೀರು ಬಿಡೋ ಕೆಲಸ ಅದು. ಕೆರೆ ಕೆಳಗೆ ನೀರಗಂಟಿಗೆ ಹೊಲ ಇರಬಾರದು ಕಣಪ್ಪ. ಇದ್ರೆ ನೀರು ಅಲ್ಲಿಗೇ ತಿರುಗುತ್ತೆ.”

ಪ್ರಿಯದರ್ಶಿನಿ ತಲೆ ಎತ್ತಿ ನೋಡಿದಳು.

ಸುಗತ ಶುರು ಮಾಡಿದ. “ಎಲ್ಲಾ ಮುಗಿದು ಐವತ್ತು ವರ್ಷ ಆಗಿದೆ. ಕರೆಂಟಿಲ್ಲ. ಕೆ.ಆರ್. ಪುರದ ತೂಗುಸೇತುವೆ ಬಿದ್ದಿದೆ. ಬಾಣಸವಾಡಿ ಸ್ಟೇಷನ್ನಲ್ಲಿ ಜನ ರೈಲು ಬೋಗಿಯೊಳಗೇ ಸಂಸಾರ ಮಾಡ್ತಿದಾರೆ. ಎಲ್ಲೂ ನೀರಿಲ್ಲ. ಮಹದೇವಪುರದ ಹತ್ರ ಒಂದು ಹಳೇ ಕೆರೆ ಮಾತ್ರ ತುಂಬಿದೆ.”

ಆ ಕೆರೆ ಆದಿಲಕ್ಷ್ಮಿಗೆ ಗೊತ್ತಿತ್ತು. ಅವಳ ಅಪ್ಪ ಮುನಿಕೃಷ್ಣಪ್ಪ ಅಲ್ಲಿ ನೀರಗಂಟಿಯಾಗಿದ್ದವರು. ಚಪ್ಪಲಿ ಏರಿಯ ಮೇಲೆ ಬಿಟ್ಟು, ಎದೆಮಟ್ಟದ ನೀರಿಗಿಳಿದು, ಕಾಲುವೆಗೆ ನೀರು ಬಿಡುವ ತೂಬಿನ ಬಿರಡೆ ಎತ್ತುತ್ತಿದ್ದರು. ಆ ಚಪ್ಪಲಿ ಕಾಯುವುದು ಆದಿಲಕ್ಷ್ಮಿಯ ಕೆಲಸ. ಕೆರೆ ಸೈಟುಗಳಾಗುವ ಹೊತ್ತಿಗೆ ಅವಳು ಐಟಿಐ ಕಾರ್ಖಾನೆ ಸೇರಿ ಟೆಲಿಫೋನಿನ ಬಿಡಿಭಾಗ ಜೋಡಿಸುತ್ತಿದ್ದಳು.

ಸುಗತನ ಲೆಕ್ಕದಲ್ಲಿ ಇಲ್ಲಿಂದ ಮುಂದೆ ಯುದ್ಧ. ಕೆರೆಯ ಕೆಳಗೆ ಎರಡು ಹಳ್ಳಿ, ಜೊತೆಗೆ ಒಂದು ಡಕಾಯಿತರ ಗುಂಪು. ತೂಬು ಹಿಡಿದವರು ಗೆದ್ದಂತೆ. ಆ ಯುದ್ಧದ ನಿಯಮಗಳನ್ನೇ ಅವನು ನಲವತ್ತು ಪುಟ ಬರೆದು, ದಾರ ಹಾಕಿ ಹೊಲಿದು ಪಕ್ಕದಲ್ಲಿಟ್ಟುಕೊಂಡಿದ್ದ.

ಪ್ರಿಯದರ್ಶಿನಿ ಮೇಲಿನ ಹಳ್ಳಿಯ ಯಜಮಾನಿ. ಸೂರ್ಯ ಡಕಾಯಿತರ ನಾಯಕ.

“ನನ್ನ ಐದು ಜನ ಒಣಗಿದ ಕಾಲುವೆಯಲ್ಲಿ ಅಡಗಿದಾರೆ,” ಎಂದ ಸೂರ್ಯ. “ತೂಬಿನ ಹತ್ರ ಯಾರು ಬಂದ್ರೂ ಹಿಂದಿನಿಂದ ಹಿಡೀತೀವಿ.”

“ಅತ್ತೆ, ನೀನೇನ್ ಮಾಡ್ತೀಯ?”

“ನೀರು ಬಿಡ್ತೀನಿ. ಅದಕ್ಕೂ ಮುಂಚೆ ಕೂಗ್ತೀನಿ.”

“ಯಾಕೆ?”

“ಕೂಗದೆ ಬಿಡೋ ಹಾಗಿಲ್ಲ. ಕಾಲುವೇಲಿ ಮಕ್ಳು ಆಡ್ತಿರ್ತವೆ, ದನ ಮಲಗಿರ್ತವೆ.”

ಸೂರ್ಯ ಮೇಜು ತಟ್ಟಿದ. “ಇದು ಮೋಸ ಆಂಟಿ. ನಾವು ಅಲ್ಲಿರೋದು ನಿಮಗೆ ಗೊತ್ತು, ನಿಮ್ಮ ನೀರಗಂಟಿಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂತಾನೇ ಕಣಪ್ಪ ಕೂಗೋದು.”

ಆ ಕೂಗನ್ನು ಅವಳು ಒಮ್ಮೆಯೂ ಕೂಗಿದವಳಲ್ಲ. ನಾನು ಕೂಗಲೇ ಎಂದು ಕೇಳಿದಾಗೆಲ್ಲ ಅಪ್ಪ, ಹುಡುಗಿ ಕೂಗಿದರೆ ಊರು ನಂಬುವುದಿಲ್ಲ ಎನ್ನುತ್ತಿದ್ದರು. ಅಪ್ಪ ಮಾಡುತ್ತಿದ್ದಂತೆ ಬಾಯಿಗೆ ಕೈ ಅಡ್ಡ ಹಿಡಿದು ಅವಳು ಕೂಗಿದಳು.

“ನೀರ್ ಬತ್ತೈತೆ... ಕಾಲ್ವೇಲಿರೋರು ದಡಕ್ ಬನ್ರೋ... ನೀರ್ ಬತ್ತೈತೆ...”

ಎರಡನೆಯ ಸಲ ಕೂಗುವಾಗ ದನಿ ಅಪ್ಪನದೇ ಅನ್ನಿಸಿತು. ಮೂರನೆಯದು ಮುಗಿಯುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಅಯ್ಯಮ್ಮ ಎರಡು ಕೊಡ ಹಿಡಿದು ನಿಂತಿದ್ದಳು.

“ನೀರು ಬಿಟ್ರಾ? ಇವತ್ತು ನಮ್ ಬೀದಿ ಸರದಿ ಅಲ್ವಲ್ಲ?”

ನಗು ತಡೆದುಕೊಂಡು ಸೂರ್ಯ ದಾಳ ಕೈಗೆತ್ತಿಕೊಂಡ. “ಮಗಾ, ಯಾವುದಕ್ಕೆ ಹಾಕ್ಲಿ?”

ಸುಗತ ಯೋಚಿಸಿದ. “ಹಾಕೋಕೇನಿಲ್ಲ. ನೀರು ಬರೋದಂತೂ ಖಂಡಿತ.”

“ಹಾಗಾದ್ರೆ ಕಾಲುವೆಯಿಂದ ಮೇಲೆ ಬಂದ್ವಿ. ಎಲ್ಲರ ಮುಂದೆ, ಐದೂ ಜನ.”

“ಮೊದಲು ನೀರು ಯಾರಿಗಮ್ಮ?” ಪ್ರಿಯದರ್ಶಿನಿ ಕೇಳಿದಳು.

“ಕೊನೇ ಹೊಲಕ್ಕೆ. ಅಲ್ಲಿ ಮುಟ್ಟಿದ ಮೇಲೆ ಮೇಲಿನವರ ಸರದಿ. ಮೊದಲೇ ಮೇಲಿನವರಿಗೆ ಕೊಟ್ರೆ ಕೊನೆಯವನಿಗೆ ಕೆಸರೇ ಗತಿ.”

ಅಡಗಿದವರು ಬಯಲಾದರು, ನೀರು ಎಲ್ಲರಿಗೂ ಸರದಿಯಲ್ಲಿ ಸಿಕ್ಕಿತು; ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ. ಸುಗತನ ಕೈ ಆ ನಲವತ್ತು ಪುಟಗಳ ಮೇಲೆ ಸುಮ್ಮನೆ ಕೂತಿತ್ತು. ಆದಿಲಕ್ಷ್ಮಿ ಅದನ್ನು ನೋಡಿದಳು. ಎರಡು ವರ್ಷದ ಕೆಲಸವನ್ನು ಒಂದು ಕೂಗಿನಲ್ಲಿ ಕೆಡಿಸಿಬಿಟ್ಟೆ ಅನ್ನಿಸಿತು.

“ನಾನು ಬೇಕಾದ್ರೆ ಕೂಗಿಲ್ಲ ಅಂತ ಇಟ್ಕೋ ಸುಗತ. ಇನ್ನೊಂದ್ಸಲ ಆಡೋಣ.”

“ಬೇಡಮ್ಮ,” ಎಂದಳು ಪ್ರಿಯದರ್ಶಿನಿ. ಹೊಲಿದ ಪುಟಗಳನ್ನು ಬೆರಳಿಂದ ಪಕ್ಕಕ್ಕೆ ಸರಿಸಿದಳು. “ಸುಗತ, ಈ ಯುದ್ಧ ನಂಗೆ ಬೇಡ. ಹೊಡೆದಾಟದ ಆಟ ನನ್ನ ಗೋಡೌನ್ ತುಂಬಾ ಇವೆ. ಇವರು ಈಗ ಮಾಡಿದ್ರಲ್ಲ, ಅದನ್ನ ನಿಯಮ ಮಾಡಿ ಬರ್ದು ತನ್ನಿ. ಆಮೇಲೆ ನೋಡೋಣ.”

ಆಟವನ್ನು ಬೇಕು ಎನ್ನಲಿಲ್ಲ. ಬೇಡ ಎನ್ನಲೂ ಇಲ್ಲ. ಸೂರ್ಯ ಪ್ರಿಯದರ್ಶಿನಿಯನ್ನು ಹಲಸೂರು ಮೆಟ್ರೊವರೆಗೆ ಬಿಡಲು ಹೋದ.

ಸುಗತ ಎದ್ದು ಹೋಗಿ ತಣ್ಣಗಾದ ಇಡ್ಲಿ ತಂದ. ನಿಂತೇ ಒಂದು ತಿಂದು, ನಲವತ್ತು ಪುಟಗಳನ್ನು ಮಗುಚಿ ಹಿಂಬದಿಯ ಖಾಲಿ ಕಡೆ ಪೆನ್ಸಿಲ್ ಇಟ್ಟ.

“ಅತ್ತೆ, ಮೊದ್ಲಿಂದ ಹೇಳು. ತಾತನ ತೂಬು ಎಲ್ಲಿತ್ತು?”

ಅವಳು ನಕ್ಷೆಯ ಮೇಲೆ ಬಾಗಿ, ಅವನು ಬರೆದ ಗುರುತನ್ನು ರಬ್ಬರಿನಿಂದ ಅಳಿಸಿ, ಒಂದು ಬೆರಳಿನಷ್ಟು ಪೂರ್ವಕ್ಕೆ ಚುಕ್ಕೆ ಇಟ್ಟಳು.

“ಇಲ್ಲಿ. ಮಳೆ ಬಂದಾಗಲೆಲ್ಲ ಕಾರು ಮುಳುಗ್ತವಲ್ಲ, ಆ ಅಪಾರ್ಟ್‌ಮೆಂಟಿನ ಬೇಸ್‌ಮೆಂಟು.”

“ಕಟ್ಟೋವಾಗ ಅವ್ರಿಗೆ ಯಾರೂ ಕೂಗಿ ಹೇಳ್ಲಿಲ್ವಾ?”

“ಅಪ್ಪ ತೀರ್ಕೊಂಡಿದ್ರು,” ಎಂದಳು ಆದಿಲಕ್ಷ್ಮಿ. “ನಾನು ಶಿಫ್ಟಲ್ಲಿದ್ದೆ.”