ಕೆಂಪು ಪಟ್ಟಿ

"ಬೇಗ ದಾರ ಕೊಡೇ ಚಿತ್ರಾ, ಕಾಲು ಒಟ್ಟಿಗೆ ನಿಲ್ತಾ ಇಲ್ಲ," ಎಂದು ನಂದೀಶ್ ಚಿಕ್ಕಪ್ಪ ತೀರಿಹೋದ ಅಣ್ಣನ ಕಾಲಿನ ಎರಡೂ ಹೆಬ್ಬೆರಳುಗಳನ್ನು ಜೋಡಿಸಿ ಹಿಡಿದುಕೊಂಡೇ ಕೂಗಿದರು.

ಚಿತ್ರಾ ಮೆಟ್ಟಿಲು ಹತ್ತಿ ಓಡಿದಳು. ಬಾಡಿಗೆ ಮನೆಯೊಳಗೆ ಹೆಣ ಇಡಬಾರದೆಂದು ಓನರ್ ರಾತ್ರಿಯೇ ಹೇಳಿಬಿಟ್ಟಿದ್ದರಿಂದ, ಅಪ್ಪನನ್ನು ಕೆಳಗೆ ಸೆಲ್ಲಾರಿನಲ್ಲಿ, ಸ್ಕೂಟರುಗಳನ್ನು ಪಕ್ಕಕ್ಕೆ ಸರಿಸಿ ಮಲಗಿಸಿದ್ದರು. ಮನೆಯಲ್ಲಿ ದಾರ ಎಲ್ಲಿದೆ ಎಂಬುದೇ ಅವಳಿಗೆ ಹೊಳೆಯಲಿಲ್ಲ. ಕಣ್ಣಿಗೆ ಬಿದ್ದದ್ದು ಗ್ಯಾಸ್ ರೆಗ್ಯುಲೇಟರಿಗೆ ಕಟ್ಟಿದ್ದ ಕೆಂಪು ಬಟ್ಟೆಯ ಪಟ್ಟಿ. ಮನೆ ಬಿಟ್ಟು ಹೊರಡುವ ಮೊದಲು ಮರೆಯದೆ ನೋಡಬೇಕಾದದ್ದಕ್ಕೆಲ್ಲ ಅಪ್ಪ ಇಂಥದೊಂದು ಪಟ್ಟಿ ಕಟ್ಟುತ್ತಿದ್ದರು. ಅದನ್ನು ಬಿಚ್ಚಿಕೊಂಡಳು. ಗ್ಯಾಸ್ ಆಫ್ ಆಗಿತ್ತು. ಬಾಗಿಲವರೆಗೆ ಹೋದವಳು ಮರಳಿ ಬಂದು ಇನ್ನೊಮ್ಮೆ ಮುಟ್ಟಿ ನೋಡಿದಳು.

"ಕೆಂಪುದಾ? ಬಿಳೀದು ಸಿಗ್ಲಿಲ್ವೇನೆ?" ಎಂದರು ಚಿಕ್ಕಪ್ಪ.

"ಕಟ್ಟು ನಂದೀಶ. ಅವರದ್ದೇ ಅದು," ಎಂದಳು ಅಮ್ಮ ಕಮಲಾಕ್ಷಿ, ಪ್ಲಾಸ್ಟಿಕ್ ಕುರ್ಚಿಯಿಂದ.

ಚಿಕ್ಕಪ್ಪ ಎರಡೆರಡು ಗಂಟು ಬಿಗಿದರು. ಚಿತ್ರಾ ಗೇಟಿನ ಕಡೆ ನೋಡಿದಳು.

ಬೆಳಗಿನ ಜಾವ ಅವಳು ವಿಜಯವಾಡಕ್ಕೆ ಫೋನ್ ಮಾಡಿದ್ದಳು. ಅಪ್ಪ ವರ್ಷಕ್ಕೊಮ್ಮೆ ಹೋಗುತ್ತಿದ್ದದ್ದು ಅಲ್ಲಿನ ದುರ್ಗಾಂಬರ ಮನೆಗೆ. ಸುದ್ದಿ ಕೇಳಿ ಅವರು "ರತ್ನಾಚಲ್ ರೈಲಿಗೆ ಹೊಂಟೆ" ಎಂದಷ್ಟೇ ಹೇಳಿ ಫೋನ್ ಇಟ್ಟುಬಿಟ್ಟರು. ಆ ಸ್ವರದಲ್ಲಿ ಏನಿತ್ತು ಎಂದು ಚಿತ್ರಾ ಆಗಿನಿಂದ ಯೋಚಿಸುತ್ತಲೇ ಇದ್ದಳು.

"ಯಾಕಾದ್ರೂ ಹೇಳ್ದೆ ಅವರಿಗೆ?" ಅಮ್ಮ ಸಣ್ಣ ದನಿಯಲ್ಲಿ ಕೇಳಿದಳು. "ಇವತ್ತೊಂದು ದಿನ ನಿಮ್ಮಪ್ಪ ಯಾರ ಮುಂದೂ ತಲೆ ತಗ್ಗಿಸೋದು ಬೇಡ."

"ಹೇಳ್ದೇ ಇರಕ್ಕೆ ಹೇಗಾಗುತ್ತಮ್ಮ."

ಗಾಜುವಾಕದ ಕಡೆಯಿಂದ ಹೆಣ ಒಯ್ಯುವ ವ್ಯಾನು, ವೈಕುಂಠ ರಥ, ಬಂದು ಗೇಟಿನ ಬಳಿ ನಿಂತಿತು. ಎದುರುಮನೆಯ ರಾಮಮೋಹನ್ ಗಾರು ಅದನ್ನು ನೋಡಿ ತೆಲುಗಿನಲ್ಲಿ ಹೇಳಿದರು: "ಬಾಲಚಂದ್ರ ಗಾರು ಎದ್ದಿದ್ದರೆ ಮೊದಲು ಇದರ ಸುತ್ತ ಒಂದು ಸುತ್ತು ಬರುತ್ತಿದ್ದರು. ಆಟೋ ಹತ್ತುವ ಮುಂಚೆಯೂ ಹಾಗೇ. ಸ್ಟ್ಯಾಂಡಿನವರೆಲ್ಲ, ನಿಮ್ಮ ಸಾರು ನಮ್ಮ ಗಾಡಿಗೆ ಪ್ರದಕ್ಷಿಣೆ ಹಾಕುತ್ತಾರಲ್ಲ, ದಕ್ಷಿಣೆ ಎಲ್ಲಿ ಅಂತಿದ್ದರು."

ಅಮ್ಮ ನಕ್ಕಳು. ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು.

*

ಬಾಲಚಂದ್ರ ವಾಯುಪಡೆಯಲ್ಲಿ ಟೆಕ್ನಿಷಿಯನ್ ಆಗಿದ್ದವರು. ಕೊನೆಯ ವರ್ಷಗಳಲ್ಲಿ ಅವರ ಕೆಲಸ ತರಬೇತಿ ವಿಮಾನಗಳ ಜೊತೆಗೆ. ಟರ್ಬೈನ್ ಎಂಜಿನ್, ಮೂತಿಗೆ ಪಂಖ, ಒಂದರ ಹಿಂದೊಂದು ಎರಡೇ ಸೀಟು. "ರೆಕ್ಕೆ ಕೆಳಗೆ ಬಾಂಬ್ ಕಟ್ಟಿದ್ರೆ ಇಂಥ ವಿಮಾನ ಯುದ್ಧಕ್ಕೂ ಹೋಗುತ್ತೆ ಕಣಮ್ಮ. ನಮ್ಮಲ್ಲಿ ಮಾತ್ರ ಮೇಷ್ಟ್ರು ಕೆಲಸ," ಎನ್ನುತ್ತಿದ್ದರು ಮಗಳಿಗೆ.

ನಿಂತ ವಿಮಾನಕ್ಕೆ ಅಲ್ಲಲ್ಲಿ ಮುಚ್ಚಳ, ಪಿನ್ನು, ಬೀಗ. ಒಂದೊಂದಕ್ಕೂ ದೂರಕ್ಕೆ ಕಾಣುವಂತೆ ಕೆಂಪು ಪಟ್ಟಿ. ಹಾರುವ ಮೊದಲು ಅವನ್ನೆಲ್ಲ ತೆಗೆಯಬೇಕು. ಒಂದು ಉಳಿದರೂ ಅಪಾಯ. ಆದ್ದರಿಂದ ತೆಗೆದವರು ವಿಮಾನದ ಮುಂದೆ ಬಂದು ನಿಂತು, ಎಲ್ಲವನ್ನೂ ಮುಷ್ಟಿಯಲ್ಲಿ ತೂಗುಬಿಟ್ಟು, ಕೈಯೆತ್ತಿ ಪೈಲಟ್‌ಗೆ ತೋರಿಸುತ್ತಾರೆ. ಪೈಲಟ್ ನೋಡಿ ಹೆಬ್ಬೆರಳು ಎತ್ತಬೇಕು. ಅಲ್ಲಿಯವರೆಗೆ ಕೈ ಇಳಿಸುವಂತಿಲ್ಲ.

ಕಲಿಯಲು ಬಂದವರಲ್ಲಿ ಸಾತ್ವಿಕ್ ಒಬ್ಬ. ಬಳ್ಳಾರಿಯಿಂದ ವರ್ಗವಾಗಿ ವಿಜಯವಾಡದಲ್ಲೇ ನೆಲೆನಿಂತ ಬ್ಯಾಂಕ್ ಗುಮಾಸ್ತರ ಮಗ; ದುರ್ಗಾಂಬ ಅವನ ತಾಯಿ. ಅರ್ಧ ತೆಲುಗು ಬೆರೆಸಿ ಕನ್ನಡ ಮಾತಾಡುವನು, ಯಾರೂ ಇಲ್ಲದಾಗ ಬಾಲಚಂದ್ರರನ್ನು "ಮಾವ" ಎನ್ನುವನು. ಒಂದು ಬೆಳಿಗ್ಗೆ, ಬಾಲಚಂದ್ರರೇ ಸಿದ್ಧಮಾಡಿಕೊಟ್ಟ ವಿಮಾನದಲ್ಲಿ ಒಬ್ಬನೇ ಹಾರಿದವನು ಮರಳಲಿಲ್ಲ. ಹಕ್ಕಿ ಬಡಿದದ್ದು ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಬಾಲಚಂದ್ರರಿಗೆ ಯಾರೂ ಒಂದು ಮಾತು ಅನ್ನಲಿಲ್ಲ.

ಆದರೆ ಮುಂದಿನ ರಜೆಗೆ ಬಂದವರೇ ಮನೆಯ ತುಂಬ ಕೆಂಪು ಪಟ್ಟಿ ಕಟ್ಟಿದರು. ನಿವೃತ್ತಿಯಾದ ಮೇಲೆ ಹಾಸನ ಬಿಟ್ಟು, ಮಗಳ ಬ್ಯಾಂಕ್ ಕೆಲಸ ಇದ್ದ ಈ ತೆಲುಗು ಊರಿಗೆ ಬಂದರು. ವರ್ಷಕ್ಕೊಮ್ಮೆ, ಸಾತ್ವಿಕ್ ತೀರಿಕೊಂಡ ದಿನ ಬಂದಾಗ, ವಿಜಯವಾಡದ ರೈಲು ಹತ್ತುವರು. "ಅಲ್ಲಿ ಏನ್ ಮಾಡ್ತೀರಪ್ಪ?" ಎಂದರೆ "ಹೋಗ್ಬೇಕಮ್ಮ" ಅನ್ನುವರು, ಅಷ್ಟೇ.

ಕ್ಷಮೆ ಕೇಳಲು ಹೋಗುತ್ತಾರೆ ಎಂದು ಚಿತ್ರಾ ತಾನೇ ಅಂದುಕೊಂಡಳು. ಅಂದರೆ, ಅವತ್ತು ವಿಮಾನದಲ್ಲಿ ಒಂದು ಪಟ್ಟಿ ತೆಗೆಯದೆ ಉಳಿದಿರಬೇಕು. ಅಪ್ಪನನ್ನು ಅದೊಂದು ಪ್ರಶ್ನೆ ಕೇಳುವ ಧೈರ್ಯ ಅವಳಿಗೆ ಯಾವತ್ತೂ ಬರಲಿಲ್ಲ.

*

"ಇನ್ನು ಕಾಯಕ್ಕಾಗಲ್ಲ, ಎತ್ತೋಣ," ಎಂದರು ಚಿಕ್ಕಪ್ಪ. "ಡ್ರೈವರ್ ಆಗಲೇ ಮುಖ ಗಂಟು ಹಾಕ್ಕೊಂಡಿದಾನೆ."

"ದುರ್ಗಾಂಬ ದುವ್ವಾಡ ಸ್ಟೇಷನ್ನಿನಲ್ಲಿ ಇಳಿದಿದಾರಂತೆ ಚಿಕ್ಕಪ್ಪ. ಬಂದೇಬಿಟ್ಟರು."

ಆಟೋ ಬಂತು. ಇಳಿದವರು ಸಣ್ಣ ಆಕಾರದ, ತಲೆ ಪೂರ್ತಿ ನರೆತ ಹೆಂಗಸು. ಹೆಗಲಲ್ಲಿ ಬಟ್ಟೆಚೀಲ. ಯಾರನ್ನೂ ಮಾತಾಡಿಸದೆ ನೇರ ಬಂದು ಬಾಲಚಂದ್ರರ ಮುಖವನ್ನು ನೋಡುತ್ತ ನಿಂತರು. ಆಮೇಲೆ ಅವರ ದೃಷ್ಟಿ ಕಾಲಿನ ಕೆಂಪು ಪಟ್ಟಿಯ ಮೇಲೆ ನಿಂತಿತು.

ಸೆಲ್ಲಾರಿನಲ್ಲಿ ಎಲ್ಲರೂ ಇವರನ್ನೇ ನೋಡುತ್ತಿದ್ದರು. ದುರ್ಗಾಂಬ ಬಾಯಿ ತೆರೆಯುವ ಮೊದಲೇ ಚಿತ್ರಾ ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು: "ಅಮ್ಮಾ, ಅಪ್ಪನ ಕಡೆಯಿಂದ ಅವತ್ತು ಏನಾದ್ರೂ ತಪ್ಪಾಗಿದ್ರೆ, ದಯವಿಟ್ಟು ಇವತ್ತು..."

"ಏನು ತಪ್ಪು?" ದುರ್ಗಾಂಬ ತಿರುಗಿ ನೋಡಿದರು.

"ಪ್ರತಿ ವರ್ಷ ಬರ್ತಿದ್ರಲ್ಲ, ಕ್ಷಮೆ ಕೇಳಕ್ಕೆ..."

"ಕ್ಷಮೆ? ಯಾರು ಹೇಳಿದ್ರಮ್ಮ ನಿನಗ? ನಾನೇ ಕರೆಸ್ತಿದ್ದೆ ಅವರನ್ನ." ದುರ್ಗಾಂಬರ ದನಿಯಲ್ಲಿ ಬೆರಗಿತ್ತು. "ನನ್ನ ಮಗ ಹೆಂಗ ಸತ್ತ ಅಂತ ಬಂದೋರೆಲ್ಲಾ ಹೇಳಿದ್ರು. ಹೆಂಗ ಹೊಂಟ ಅಂತ ಹೇಳಾಕ ಇವರೊಬ್ಬರೇ ಇದ್ರು. ನಮ್ಮ ಅಂಗಳದಾಗ ನಿಂತು, ಹಿಂಗ ಕೈ ಎತ್ತಿ, ಒಂದೊಂದೂ ಹೆಸರು ಹೇಳಿ ತೋರಿಸೋರು. ಇದನ್ನ ತೆಗೆದೆ, ಇದನ್ನ ತೆಗೆದೆ, ಎಲ್ಲಾ ತೆಗೆದೆ, ಅವನು ನೋಡ್ದ, ನಕ್ಕ, ಬೆರಳು ಎತ್ತಿದ ಅಂತ. ಇನ್ನೊಂದು ಸಾರಿ ತೋರಿಸ್ರಿ ಅಣ್ಣಾ ಅಂತಿದ್ದೆ. ಪಾಪ, ಬೇಸರ ಇಲ್ಲದೆ ತೋರಿಸೋರು. ಆಮ್ಯಾಲೆ ನಾನು ಮಾಡಿದ ಪೆಸರಟ್ಟು ತಿಂದು, ಉಪ್ಪು ಕಡಿಮಿ ಅಂದು ಹೋಗೋರು."

"ಉಪ್ಪು!" ಎಂದಳು ಅಮ್ಮ, ಅಳುತ್ತ. "ಅಲ್ಲೂ ಬಿಡ್ಲಿಲ್ವಾ ಅದನ್ನ?"

ದುರ್ಗಾಂಬ ಆಗಲೇ ಕಾಲಿನ ಬಳಿ ಕೂತಿದ್ದರು. ಪಟ್ಟಿಯನ್ನು ಮುಟ್ಟಿ ಕೇಳಿದರು: "ಇದನ್ನ ಹಿಂಗ ಇಟ್ಟೇ ಕಳಿಸ್ತೀರೇನು?"

"ಅದನ್ನ ಅಲ್ಲಿಗೆ ಹೋದ್ಮೇಲೆ ಬಿಚ್ಚೋದು ಕಣ್ರಮ್ಮ," ಎಂದರು ಚಿಕ್ಕಪ್ಪ.

"ಹೊಂಟ ಮ್ಯಾಲೆ ಬಿಚ್ಚಿದ್ರ ಏನು ಬಂತು?"

ಚಿಕ್ಕಪ್ಪ ಅತ್ತಿಗೆಯ ಮುಖ ನೋಡಿದರು. "ಬಿಚ್ಚಿ," ಎಂದಳು ಕಮಲಾಕ್ಷಿ.

ಎರಡೆರಡು ಗಂಟು. ದುರ್ಗಾಂಬ ಉಗುರಿನಿಂದ ನಿಧಾನವಾಗಿ ಸಡಿಲಿಸಿದರು. ಚಿತ್ರಾಳ ಭುಜ ಹಿಡಿದು ಎದ್ದರು. ಎರಡು ಹೆಜ್ಜೆ ಹಿಂದೆ ಸರಿದು, ಬಾಲಚಂದ್ರರ ಕಾಲಿನ ನೇರಕ್ಕೆ, ಅವರ ಮುಖಕ್ಕೆ ಎದುರಾಗಿ ನಿಂತು, ತೋಳನ್ನು ಎಷ್ಟು ಎತ್ತರಕ್ಕೆ ಆಗುತ್ತದೋ ಅಷ್ಟು ಎತ್ತಿದರು. ಮುಷ್ಟಿಯಿಂದ ಕೆಂಪು ಪಟ್ಟಿ ಇಳಿಬಿದ್ದು ಗಾಳಿಗೆ ಅಲ್ಲಾಡಿತು.

ಮುದಿ ತೋಳು ಸೋಲುವಷ್ಟು ಹೊತ್ತಾಯಿತು. ಅವರು ಅದನ್ನು ಇಳಿಸಲಿಲ್ಲ.

ಅವರು ಕಾಯುತ್ತಿದ್ದಾರೆ ಎಂದು ಚಿತ್ರಾಳಿಗೆ ಆಗ ತಿಳಿಯಿತು. ಅವಳು ಅಪ್ಪನ ತಲೆಯ ಬಳಿ ಹೋಗಿ ನಿಂತಳು. ಪಾದ, ಕೈ, ಮುಖ, ಎಲ್ಲವನ್ನೂ ಒಂದು ಸಲ ನೋಡಿದಳು. ಇನ್ನೊಂದು ಸಲ ನೋಡಲಿಲ್ಲ. ಹೆಬ್ಬೆರಳು ಎತ್ತಿದಳು.

ದುರ್ಗಾಂಬ ಕೈ ಇಳಿಸಿ, ದಾರಿ ಬಿಟ್ಟು ಪಕ್ಕಕ್ಕೆ ಸರಿದರು.