ಹಗ್ಗದಲ್ಲಿ ಒಂದು ಜಾಗ

ನನ್ನ ಗಂಡ ಭೋಜ ಪುತ್ರನ್ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಊಟದ ತಟ್ಟೆ ದೂಡಿ ಎದ್ದದ್ದು ಒಂದು ಚೀಲ ಬಂಗುಡೆಯ ಕಾರಣಕ್ಕೆ. ಬಂಗುಡೆ ಹಾಳಾಗಿರಲಿಲ್ಲ, ಸಾರಿಗೆ ಉಪ್ಪೂ ಹೆಚ್ಚಾಗಿರಲಿಲ್ಲ. ಕಾಪುವಿನ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಮೀನು ಮಾರಿದ ಬೇಬಿ ನಾನು, ನನ್ನ ಅಡುಗೆಮನೆಗೆ ಹಾಳು ಮೀನು ಬರುವ ಧೈರ್ಯ ಮಾಡುವುದಿಲ್ಲ. ತೊಂದರೆ ಇದ್ದದ್ದು ಆ ಮೀನು ನಮ್ಮ ಮನೆಗೆ ಬಂದ ರೀತಿಯಲ್ಲಿ.

ಎರ್ಮಾಳಿನ ನಮ್ಮ ಕಡಲ ತೀರದಲ್ಲಿ ಈಗಲೂ ಕೈರಂಪಣಿ ಉಂಟು. ದೋಣಿ ದೊಡ್ಡ ಬಲೆಯನ್ನು ಅರ್ಧ ಸುತ್ತು ಬಿಟ್ಟು ಬರುತ್ತದೆ. ಬಲೆಯ ಎರಡು ತುದಿಯ ಹಗ್ಗ ದಡಕ್ಕೆ ಬರುತ್ತದೆ. ಒಂದೊಂದು ಹಗ್ಗಕ್ಕೆ ಹದಿನೈದು ಜನ ನಿಂತು, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಎಳೆಯಬೇಕು. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಸಮನಾದ ಒಂದೊಂದು ಪಾಲು, ಅದರಲ್ಲಿ ದೊಡ್ಡವರು ಚಿಕ್ಕವರು ಇಲ್ಲ. ಎಳೆಯಲಾಗದ ಮುದುಕರಿಗೆ, ಕಾಯಿಲೆಯವರಿಗೆ ಒಂದು ಚೀಲ ಮೀನು ಮನೆಗೇ ಹೋಗುತ್ತದೆ. ಅದಕ್ಕೆ ಕೂತವರ ಪಾಲು ಎಂದು ನಾವು ಹೇಳುವುದು. ಒಳ್ಳೆಯ ಪದ್ಧತಿ. ಎಷ್ಟೋ ಸಲ ನಾನೇ ಅದನ್ನು ಹೊಗಳಿದ್ದೇನೆ. ಆದರೆ ಬೇರೆಯವರ ಮನೆಗೆ ಹೋಗುವಾಗ ಹೊಗಳುವುದು ಸುಲಭ.

ಕಳೆದ ವರ್ಷ ಸೆಪ್ಟೆಂಬರಿನಲ್ಲಿ ಇವರು ಹಗ್ಗದಲ್ಲಿ ನಿಂತಿರುವಾಗಲೇ ಕಾಲು ಜಾರಿ ಬಿದ್ದರು. ಇವರ ಹಿಂದಿದ್ದ ಮೂವರು ಇವರ ಮೇಲೆಯೇ ಬಿದ್ದರು. ಹಗ್ಗ ಸಡಿಲವಾಯಿತು, ಬಲೆಯ ಅಡಿ ಮೇಲೆದ್ದಿತು, ಒಳಗಿದ್ದ ಮೀನೆಲ್ಲ ಕಡಲಿಗೆ ವಾಪಸು. ಯಾರೂ ಬೈಯಲಿಲ್ಲ. ಇವರನ್ನು ಎತ್ತಿಕೊಂಡು ಬಂದು ಮನೆಯಲ್ಲಿ ಮಲಗಿಸಿ, "ಪರವಾಗಿಲ್ಲ ಭೋಜಣ್ಣ, ಪರವಾಗಿಲ್ಲ" ಎಂದು ಹೇಳಿ ಹೋದರು. ಆ ಪರವಾಗಿಲ್ಲ ಎಂಬ ಮಾತು ಇವರ ಎದೆಗೆ ನಾಟಿತು.

ಪಾದದ ಗಂಟಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಪ್ಲಾಸ್ಟರ್ ಹಾಕಿದರು. ಮಗಳು ಚೈತಾಲಿ ಕಾಪುವಿನಲ್ಲೇ ಸಂಸಾರ ಮಾಡಿಕೊಂಡಿದ್ದಾಳೆ, ಅಪ್ಪ ಎಂದರೆ ಪ್ರಾಣ. ಅವಳು ಉಡುಪಿಯಿಂದ ಒಂದು ಮೆತ್ತನೆಯ ಕುರ್ಚಿ ತರಿಸಿದಳು. ಪಕ್ಕದ ಹಿಡಿ ಎಳೆದರೆ ಬೆನ್ನು ಹಿಂದಕ್ಕೆ, ಕಾಲು ಮೇಲಕ್ಕೆ. "ಅಪ್ಪ ಇನ್ನಾದರೂ ಆರಾಮ ಮಾಡಲಿ ಅಮ್ಮ, ಎಷ್ಟು ದುಡಿದಿದ್ದಾರೆ" ಎಂದಳು. ಪ್ಲಾಸ್ಟರ್ ಬಿಚ್ಚಿದರು, ಆದರೆ ಇವರು ಕುರ್ಚಿ ಬಿಡಲಿಲ್ಲ. ನೀರು ಕುರ್ಚಿಗೆ, ಚಹಾ ಕುರ್ಚಿಗೆ, ಟೀವಿಯ ರಿಮೋಟೂ ಕುರ್ಚಿಗೆ. ತಪ್ಪು ನನ್ನದೂ ಉಂಟು, ತಂದು ಕೊಟ್ಟವಳು ನಾನೇ ಅಲ್ಲವೇ. ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು ಎನ್ನುತ್ತಾರೆ. ಹೊನ್ನಿನ ವಿಷಯ ನನಗೆ ಗೊತ್ತಿಲ್ಲ, ಮೈಯಲ್ಲಿದ್ದ ಮಾಂಸವಂತೂ ಸಾಲಲಿಲ್ಲ. ಏಪ್ರಿಲ್ ಹೊತ್ತಿಗೆ ಇವರ ಕಾಲು ಕೊಕ್ಕರೆಯ ಕಾಲಿನ ಹಾಗೆ ಆಗಿತ್ತು.

ಅದೇ ಏಪ್ರಿಲಿನಲ್ಲಿ ಒಂದು ದಿನ ವಿಕಾಸ್ ಬಂದ. ಇವರ ಅಕ್ಕನ ಮಗ, ಈಗ ಬಲೆಯ ಯಜಮಾನಿಕೆ ಅವನದ್ದೇ. ಬಲೆ ಎಳೆಯುವುದನ್ನು ಅವನಿಗೆ ಕಲಿಸಿದ್ದು ಇವರು. ಕೈಯಲ್ಲಿ ಬಂಗುಡೆಯ ಚೀಲ ಇತ್ತು.

"ಮಾವ, ನಿಮ್ಮ ಜಾಗಕ್ಕೆ ಬೇರೆಯವರನ್ನು ಹಾಕಿದ್ದೇವೆ. ನೀವು ಇನ್ನು ತ್ರಾಸ ತೆಗೆದುಕೊಳ್ಳುವುದು ಬೇಡ. ಪಾಲು ಮನೆಗೇ ಬರುತ್ತದೆ" ಎಂದ. ಎಷ್ಟು ಮೆತ್ತಗೆ ಹೇಳಿದನೆಂದರೆ, ಮಗುವಿಗೆ ಔಷಧಿ ಕುಡಿಸುವವರೂ ಅಷ್ಟು ಮೆತ್ತಗೆ ಮಾತಾಡುವುದಿಲ್ಲ.

ಆ ಮಧ್ಯಾಹ್ನ ಇವರು ತಟ್ಟೆ ದೂಡಿದರು. "ಹುಷಾರಿಲ್ಲದಾಗ ಬಂದ ಮೀನು ಬೇರೆ. ಇನ್ನು ಜೀವ ಇರುವವರೆಗೂ ಕೂತವರ ಪಾಲು ಅಂತ ಬರುವ ಮೀನು ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ನನಗೆ ಹಗ್ಗದಲ್ಲಿ ಜಾಗ ಬೇಕು ಬೇಬಿ."

ಮರುದಿನ ಹಿತ್ತಲಲ್ಲಿ ಏನೋ ಸದ್ದು ಕೇಳಿ ಹೋಗಿ ನೋಡಿದರೆ, ಇವರು ತೆಂಗಿನ ಮರಕ್ಕೆ ಹಗ್ಗ ಕಟ್ಟಿ ಎಳೆಯುತ್ತಿದ್ದಾರೆ. ಮುಖವೆಲ್ಲ ಕೆಂಪು. ಐವತ್ತು ವರ್ಷ ಬಲೆ ಎಳೆದ ಮನುಷ್ಯನಿಗೆ, ತೆಂಗಿನ ಮರ ಬರುವುದಿಲ್ಲ ಎಂದು ನಾನು ಹೇಳಿಕೊಡಬೇಕೇ?

"ಮರ ಬಂದರೆ ಹೇಳಿ, ಕಾಯಿ ಕೊಯ್ಯಲಿಕ್ಕುಂಟು" ಎಂದೆ.

"ತೋಳು ಗಟ್ಟಿ ಮಾಡುವುದು ಮಾರಾಯ್ತಿ, ನಿನಗೆ ಎಂತ ಗೊತ್ತು" ಎಂದು ಬೈದರು. ತಿಂಗಳುಗಳ ನಂತರ ಬಾಯಿಂದ ಬಂದ ಮೊದಲ ಬೈಗುಳ ಅದು. ನನಗೆ ಸ್ವಲ್ಪ ಧೈರ್ಯ ಬಂತು.

ಕಾಪುವಿನಲ್ಲಿ ವಾರಕ್ಕೆ ಎರಡು ದಿನ ಭವ್ಯಶ್ರೀ ಎಂಬ ಹುಡುಗಿ ವ್ಯಾಯಾಮ ಹೇಳಿಕೊಡಲು ಕೂರುತ್ತಾಳೆ. ಮಣಿಪಾಲದಲ್ಲಿ ಫಿಸಿಯೋಥೆರಪಿ ಕಲಿತವಳು, ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬರುತ್ತಾಳೆ. ಡಾಕ್ಟರರಿಂದ ಎದೆ, ಬೀಪಿ ಎಲ್ಲ ಪರೀಕ್ಷೆ ಮಾಡಿಸಿ, ಇವರನ್ನು ಅವಳ ಎದುರು ಕೂರಿಸಿದೆ. ಅವಳು ಕೈ ಹಿಡಿದು ನೋಡಿ, "ಹಿಡಿತ ಚೆನ್ನಾಗಿ ಉಂಟು ಅಜ್ಜ" ಎಂದಳು. ಇವರ ಮುಖ ಅರಳಿತು. "ಈಗ ಕೈ ಎಲ್ಲಿಯೂ ಊರದೆ ಈ ಕುರ್ಚಿಯಿಂದ ಎದ್ದು ನಿಲ್ಲಿ ನೋಡುವಾ."

ಇವರು ಎರಡು ಕೈ ಎದೆಗೆ ಕಟ್ಟಿ ಮುಂದೆ ಬಾಗಿದರು. ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದರು. ಅರ್ಧ ಎದ್ದು ಧೊಪ್ಪೆಂದು ಕೂತರು. ಬಿರುಗಾಳಿಯಲ್ಲಿ ದೋಣಿ ಇಳಿಸಿದವರು ಒಂದು ಪ್ಲಾಸ್ಟಿಕ್ ಕುರ್ಚಿಗೆ ಸೋತರು. ನನಗೆ ಅಳು ಬಂತು, ಆದರೆ ಅಲ್ಲಿ ಅಳಲಿಲ್ಲ.

"ಹಗ್ಗ ಎಳೆಯುವುದು ಕೈಯಲ್ಲಿ ಅಲ್ವಾ?" ಎಂದು ಇವರು ಸಣ್ಣ ಸ್ವರದಲ್ಲಿ ಕೇಳಿದರು.

"ಕೈ ಹಿಡಿಯುವುದು ಮಾತ್ರ ಅಜ್ಜ. ಎಳೆಯುವುದು ತೊಡೆ ಮತ್ತು ಸೊಂಟ. ನೀವು ಎಂಟು ತಿಂಗಳು ಅದಕ್ಕೆ ಕೆಲಸವೇ ಕೊಡಲಿಲ್ಲ."

ಬಸ್ಸಿನಲ್ಲಿ ಬರುವಾಗ ಇವರು ಗೊಣಗಿದ್ದೇ ಗೊಣಗಿದ್ದು. "ಬೆಳ್ಮಣ್ಣಿನ ಗದ್ದೆಯ ಹುಡುಗಿ ನನಗೆ ಬಲೆ ಎಳೆಯಲು ಕಲಿಸುತ್ತಾಳೆ." ಆದರೆ ಆ ಸಂಜೆಯೇ ಚೈತಾಲಿಗೆ ಫೋನ್ ಮಾಡಿ, ಆ ಮೆತ್ತನೆಯ ಕುರ್ಚಿಯನ್ನು ತೆಗೆದುಕೊಂಡು ಹೋಗಲು ಹೇಳಿದರು.

ಭವ್ಯಶ್ರೀ ಹೇಳಿದ್ದು ಎರಡೇ ಕೆಲಸ. ದಿನಾ ನಡೆಯಬೇಕು, ದಿನಾ ಕೂತು ಏಳಬೇಕು. ನಡೆಯುವುದಕ್ಕೆ ಇವರು ಒಪ್ಪಲಿಲ್ಲ. ನಮ್ಮ ಕಡೆ ಗಂಡಸರು ಸುಮ್ಮನೆ ನಡೆಯುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗೆ?" ಎಂದು ಕೇಳುತ್ತಾರೆ. "ಎಲ್ಲಿಗೂ ಇಲ್ಲ, ನಡೆಯುತ್ತಿದ್ದೇನೆ" ಎಂದರೆ ತಲೆ ಸರಿ ಉಂಟೋ ಎಂದು ನೋಡುತ್ತಾರೆ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಊರಿನ ಆಚೆ ತುದಿಯಲ್ಲಿ ನನ್ನ ಹಳೆಯ ಗಿರಾಕಿ ಬರ್ತಾ ಬಾಯಿಯ ಮನೆ. ಕಾಲು ಹೂತುಹೋಗುವ ಹೊಯಿಗೆ ದಾರಿಯಲ್ಲಿ ಹೋಗಿ ಬರಲು ಮುಕ್ಕಾಲು ಗಂಟೆ ಬೇಕು. ದಿನಾ ಬೆಳಿಗ್ಗೆ ಅಲ್ಲಿಗೆ ಮೀನು ಮುಟ್ಟಿಸುವ ಕೆಲಸ ಇವರಿಗೆ ಕೊಟ್ಟೆ. ಕೈಯಲ್ಲಿ ಚೀಲ ಇದ್ದರೆ ಮನುಷ್ಯನ ನಡಿಗೆಗೆ ಮರ್ಯಾದೆ ಬರುತ್ತದೆ. ಮೊದಲ ವಾರ ಮೂರು ಕಡೆ ಕೂತು ಹೋದರು. ಮಳೆಗಾಲ ಶುರುವಾದಾಗ ಎಲ್ಲಿಯೂ ಕೂರದೆ, ಕೊಡೆ ಹಿಡಿದುಕೊಂಡು ಹೋಗಿ ಬಂದರು. ತಿಂಗಳು ಕಳೆದಾಗ ಬರ್ತಾ ಬಾಯಿ ನನಗೆ ಫೋನ್ ಮಾಡಿದರು.

"ಬೇಬಿ, ನಿನ್ನ ಗಂಡನ ಕಾಲಿಗಾಗಿ ನಾನು ಇನ್ನೆಷ್ಟು ಮೀನು ತಿನ್ನಬೇಕು? ಫ್ರಿಜ್ಜಿನಲ್ಲಿ ಜಾಗ ಇಲ್ಲ ಮಾರಾಯ್ತಿ."

"ಇನ್ನೊಂದು ತಿಂಗಳು ತಿನ್ನಿ ಬಾಯಿ, ಪುಣ್ಯ ಬರುತ್ತದೆ" ಎಂದೆ.

ಕೂತು ಏಳುವ ಪಾಠ ಮನೆಯಲ್ಲಿ ನಡೆಯಿತು. ಮೊದಲು ಎತ್ತರದ ಕುರ್ಚಿ, ಅದು ಸುಲಭವಾದ ಮೇಲೆ ಸಣ್ಣ ಸ್ಟೂಲು, ಆಮೇಲೆ ಊಟದ ಮಣೆ, ಕೊನೆಗೆ ಬರೀ ನೆಲ. ಕೈ ಊರುವ ಹಾಗಿಲ್ಲ. ಇವರನ್ನು ಕೆಣಕಲು ನಾನೂ ಎದುರು ಕೂತೆ. ಅರುವತ್ತೆಂಟರ ನಾನು ಮೊದಲ ದಿನವೇ ಮಣೆಯಿಂದ ಹತ್ತು ಸಲ ಎದ್ದೆ. ಮುಂದಿನ ಸಲ ಕಾಪುವಿಗೆ ಹೋದಾಗ ಅದನ್ನು ಕೇಳಿ ಭವ್ಯಶ್ರೀ ನಕ್ಕಳು. "ನಲವತ್ತು ವರ್ಷ ಮೀನಿನ ಬುಟ್ಟಿಯ ಹಿಂದೆ ಕೂತು ಎದ್ದ ಕಾಲು ಅಮ್ಮ, ಅದಕ್ಕೆ ನಾನು ಕಲಿಸುವಂಥದ್ದು ಏನೂ ಇಲ್ಲ." ನನ್ನ ಕಾಲನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು. ಹೆಂಡತಿ ಎದ್ದಷ್ಟು ಸಲ ತಾನು ಏಳದಿದ್ದರೆ ಹೇಗೆ ಎಂದು ಇವರಿಗೆ ಹಟ ಹತ್ತಿತು. ಮಣೆಯಿಂದ ನೆಲಕ್ಕೆ ಇಳಿಯಲು ಇವರಿಗೆ ಒಂದೂವರೆ ತಿಂಗಳು ಹಿಡಿಯಿತು. ಎರಡು ಸಲ ಹಿಂದಕ್ಕೆ ಮಗುಚಿ ಬಿದ್ದರು. ಒಂದು ದಿನ "ಇದು ನನ್ನಿಂದ ಆಗುವ ಕೆಲಸ ಅಲ್ಲ" ಎಂದು ಗೋಡೆಗೆ ಮುಖ ಹಾಕಿ ಕೂತರು. ನಾನು ಸಮಾಧಾನ ಹೇಳಲಿಲ್ಲ. ವಿಕಾಸನ ಚೀಲ ಬಂದರೆ ಇನ್ನು ನಾನೊಬ್ಬಳೇ ತಿನ್ನುತ್ತೇನೆ ಎಂದೆ. ಸಂಜೆಗೆ ಎದ್ದು ಮತ್ತೆ ಶುರು ಮಾಡಿದರು.

ಆಗಸ್ಟಿನಲ್ಲಿ ಸಮುದ್ರ ಪೂಜೆ ಮುಗಿದ ಮೂರನೆಯ ದಿನ ಬಲೆ ಬಿಟ್ಟರು. ಬೆಳಿಗ್ಗೆ ಆರೂವರೆಗೆ ಇವರು ತಲೆಗೆ ಮುಂಡಾಸು ಸುತ್ತಿ ಹೊರಟರು. ನಾನೂ ಬುಟ್ಟಿಯ ನೆಪದಲ್ಲಿ ಹಿಂದೆಯೇ ಹೋದೆ. ವಿಕಾಸ್ ಇವತ್ತು ಬೇಡ ಎಂದರೆ ಇವರು ಇನ್ನು ಕಡಲಿನ ಕಡೆ ಮುಖ ಹಾಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ವಿಕಾಸ್ ನೋಡಿದವನೇ ಒಂದು ಮೀನಿನ ಕ್ರೇಟ್ ಮಗುಚಿ ಹಾಕಿದ. "ಬನ್ನಿ ಮಾವ, ಇಲ್ಲಿ ಕೂತುಕೊಳ್ಳಿ."

"ಕೂರಲು ಬಂದದ್ದಲ್ಲ. ಹಗ್ಗಕ್ಕೆ ಬಂದೆ."

ವಿಕಾಸ್ ತಲೆ ತಗ್ಗಿಸಿದ. "ನಿಮ್ಮ ಮೇಲೆ ಪ್ರೀತಿ ಇಲ್ಲ ಅಂತ ಅಲ್ಲ ಮಾವ. ನೀವು ಬಿದ್ದರೆ ನಿಮ್ಮ ಹಿಂದಿನವರೂ ಬೀಳುತ್ತಾರೆ. ಕಳೆದ ವರ್ಷ ನೋಡಿದ್ದೇವಲ್ಲ." ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮೂವತ್ತು ಜನರ ಅನ್ನದ ಜವಾಬ್ದಾರಿ ಅವನ ಮೇಲೆ ಇತ್ತು.

ಇವರು ಎರಡು ಕೈ ಎದೆಗೆ ಕಟ್ಟಿಕೊಂಡು, ಒದ್ದೆ ಹೊಯಿಗೆಯ ಮೇಲೆ ಚಕ್ಕಳ ಬಕ್ಕಳ ಹಾಕಿ ಕೂತರು. ಮತ್ತೆ ಹಾಗೆಯೇ, ಕೈ ಬಿಚ್ಚದೆ, ಮುಂದೆ ಬಾಗಿ ನೆಟ್ಟಗೆ ಎದ್ದು ನಿಂತರು. ಇನ್ನೊಮ್ಮೆ ಕೂತು ಎದ್ದರು. ಮೂರನೆಯ ಸಲ ಎದ್ದು, "ಈಗ ನೀನು" ಎಂದರು.

ವಿಕಾಸನಿಗೆ ನಲವತ್ತೊಂದು ವರ್ಷ, ಹೊಟ್ಟೆಗೆ ಅದಕ್ಕಿಂತ ಹೆಚ್ಚು. ಎಲ್ಲರೂ ನೋಡುತ್ತಿದ್ದರು. ಅವನು ಕೂತ. ಏಳಲು ಹೋಗಿ ಪಕ್ಕಕ್ಕೆ ಮಗುಚಿ ಎರಡು ಕೈಯನ್ನೂ ಊರಿದ. "ಇವತ್ತು ಹೊಯಿಗೆ ಮೆತ್ತಗೆ ಉಂಟು" ಎಂದ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂದೆ ನಾನು. ಸುತ್ತ ನಿಂತವರೆಲ್ಲ ನಕ್ಕರು. ಅವನೂ ನಕ್ಕ. ಒಳ್ಳೆಯ ಹುಡುಗ, ಸೋತರೆ ಮುಖ ಊದಿಸುವವನಲ್ಲ. ಮೈ ಕೊಡವಿಕೊಂಡು ಎದ್ದು, "ತೆಂಕು ಹಗ್ಗದಲ್ಲಿ ಒಂಬತ್ತನೆಯ ಜಾಗ" ಎಂದ.

ಹಗ್ಗ ಬಿಗಿಯಾಯಿತು. ಇವರು ಮೊಣಕಾಲು ಬಗ್ಗಿಸಿ, ಸೊಂಟ ತಗ್ಗಿಸಿ, ಹಿಮ್ಮಡಿ ಊರಿ ಒಂದೊಂದೇ ಹೆಜ್ಜೆ ಹಿಂದೆ ಬಂದರು. ನಾನು ಇವರ ತೊಡೆಯನ್ನೇ ನೋಡುತ್ತಿದ್ದೆ, ಬೇರೆ ಏನೂ ಕಾಣಲಿಲ್ಲ. ಮುಕ್ಕಾಲು ಗಂಟೆ ಎಳೆದಿರಬಹುದು. ಒಂದು ದೊಡ್ಡ ತೆರೆ ಬಂದಾಗ ಇವರ ಹೆಜ್ಜೆ ಒಂದು ಗಳಿಗೆ ತಡವಾಯಿತು. ಕೂಡಲೇ ವಿಕಾಸನ ಬೊಬ್ಬೆ ಕೇಳಿತು.

"ಮಾವ, ನಿದ್ದೆ ಮಾಡಲು ಬಂದದ್ದಾ? ಹಗ್ಗ ಸಡಿಲ ಬಿಡಬೇಡಿ."

ಒಂದು ವರ್ಷದಿಂದ ಈ ಊರಿನಲ್ಲಿ ಯಾರೂ ಇವರಿಗೆ ಸ್ವರ ಎತ್ತಿ ಮಾತಾಡಿರಲಿಲ್ಲ. ಇವರ ಮುಖ ನೋಡಬೇಕಿತ್ತು. ಮದುವೆಯ ದಿನವೂ ನಾನು ಅಷ್ಟು ಸಂತೋಷ ಆ ಮುಖದಲ್ಲಿ ಕಂಡಿರಲಿಲ್ಲ. ಹಲ್ಲು ಕಚ್ಚಿ ಎಳೆದರು. ಎರಡು ಹಗ್ಗ ಹತ್ತಿರ ಹತ್ತಿರ ಬಂದು, ಬಲೆಯ ಹೊಟ್ಟೆ ದಡಕ್ಕೆ ತಾಗಿತು. ತುಂಬಾ ಬಂಗುಡೆ, ಸ್ವಲ್ಪ ಬೂತಾಯಿ. ಯಾರೂ ಬೀಳಲಿಲ್ಲ.

ಹೊಯಿಗೆಯ ಮೇಲೆ ಸಾಲಾಗಿ ಪಾಲು ಹಾಕಿದರು. ಎಳೆದವರು ತಮ್ಮ ತಮ್ಮ ರಾಶಿಯ ಹಿಂದೆ ನಿಂತರು. ಇವರು ತಮ್ಮ ರಾಶಿ ನೋಡಿದರು, ಎಡಗಡೆಯವನದ್ದು ನೋಡಿದರು, ಬಲಗಡೆಯವನದ್ದು ನೋಡಿದರು. ನಲವತ್ತು ವರ್ಷ ಮೀನು ನೋಡಿದ ಕಣ್ಣು ನನ್ನದು, ನನಗೆ ಮೊದಲೇ ಗೊತ್ತಾಗಿತ್ತು. ಇವರ ರಾಶಿಯಲ್ಲಿ ನಾಲ್ಕು ಬಂಗುಡೆ ಹೆಚ್ಚು ಇತ್ತು, ಅದೂ ದಪ್ಪದ್ದು. ಸುಮ್ಮನೆ ಬುಟ್ಟಿಗೆ ಹಾಕಿಕೊಳ್ಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ಇದು ಯಾರ ಪಾಲು?" ಎಂದು ಇವರು ಕೇಳಿದರು.

"ನಿಮ್ಮದೇ ಮಾವ."

"ನನ್ನ ಪಾಲು ಇಷ್ಟು ಇಲ್ಲ."

"ಹಿರಿಯರಲ್ವಾ ಅಂತ" ಎಂದು ವಿಕಾಸ್ ರಾಗ ಎಳೆದ.

"ಹಿರಿಯ ನಾನು ಮನೆಯಲ್ಲಿ. ಇಲ್ಲಿ ಮೂವತ್ತರಲ್ಲಿ ಒಬ್ಬ."

ಇವರು ಕುಕ್ಕರಗಾಲಿನಲ್ಲಿ ಕೂತು, ನಾಲ್ಕು ಬಂಗುಡೆ ಆರಿಸಿ ತೆಗೆದು, ಎದ್ದು ಹೋಗಿ ವಿಕಾಸನ ಕಾಲ ಬಳಿ ಇದ್ದ ಕ್ರೇಟಿಗೆ ಹಾಕಿ ಬಂದರು. ಮಾರ್ಕೆಟ್ಟಿನಲ್ಲಿ ಕೂತ ನಲವತ್ತು ವರ್ಷದಲ್ಲಿ ನನ್ನ ಪಾಲಿಗೆ ಬಂದ ಒಂದು ಬೂತಾಯಿಯನ್ನೂ ನಾನು ಯಾರಿಗೂ ಬಿಟ್ಟುಕೊಟ್ಟವಳಲ್ಲ. ನಾಲ್ಕು ದಪ್ಪ ಬಂಗುಡೆ ಕೈಬಿಟ್ಟು ಹೋಗುವುದನ್ನು ನೋಡುತ್ತಾ ಹೆಮ್ಮೆಪಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು.