ಮಡಕೆ ಮುಚ್ಚಿದ ಪುಸ್ತಕ

೧೯೭೮ರ ಮಾರ್ಚ್ ತಿಂಗಳಲ್ಲಿ, ಹಂದನಕೆರೆ ಕಡೆಯ ಒಂದು ಹಳ್ಳಿಯಲ್ಲಿ, ಏಳನೇ ಕ್ಲಾಸಿನ ಸಿದ್ದಗಂಗೆ ಮೈನೆರೆದ ದಿನವೇ ಅವಳನ್ನು ಮನೆಯಿಂದ ಹೊರಗೆ ಕೂರಿಸಿದರು. ಶಾಲೆ ಬಿಡಿಸಿದರು.

ಸೋಗೆಯ ಗುಡ್ಲು ಹಾಕಿದ್ದು ತೋಟದ ಬೇಲಿಯಾಚೆ, ಬೋಳು ಹೊಲದಲ್ಲಿ. ದೊಡ್ಡವಳಾದ ಹುಡುಗಿಯ ನೆರಳು ಬಿದ್ದರೆ ತೆಂಗಿನ ಹರಳು, ಎಳೇ ಪುಟ್ಟ ಕಾಯಿಗಳು, ಉದುರುತ್ತವೆ ಎಂಬುದು ಊರಿನ ನಂಬಿಕೆ. ಶಾಲೆಗೆ ಇದ್ದದ್ದು ತೋಟದೊಳಗಿನ ದಾರಿಯೊಂದೇ. ಹಾಗಾಗಿ ಆ ಊರಿನ ಯಾವ ಹೆಣ್ಣೂ ಎಂಟನೇ ಕ್ಲಾಸು ಕಂಡಿರಲಿಲ್ಲ. ಕಾಯಿ ಹೊರಲು ಬರುವ ಕೂಲಿ ಹೆಂಗಸರನ್ನು ಮಾತ್ರ ಯಾರೂ ಏನೂ ಕೇಳುತ್ತಿರಲಿಲ್ಲ.

ಅವಳು ಮುಟ್ಟಿದ್ದನ್ನೆಲ್ಲ ಹನ್ನೊಂದನೇ ದಿನ ಗುಡ್ಲಿನ ಜೊತೆಗೇ ಸುಡಬೇಕು. ಅದಕ್ಕೇ ಅಜ್ಜಿ ಮರಿಯಮ್ಮ ಹರಕು ಚಾಪೆ, ಬಾಯಿ ಒಡೆದ ಮಡಕೆ ಕೊಟ್ಟಿದ್ದಳು. ಮಡಕೆಯ ಮೇಲೆ ಮುಚ್ಚಲು ಒಂದು ಪುಸ್ತಕ. ತೆಂಗಿನ ಬೇಸಾಯದ ಮೇಲಿನದು. ಸರ್ಕಾರದವರು ಹುಡುಗಿಯ ಅಪ್ಪ ಗಂಗಾಧರಯ್ಯನಿಗೆ ಕೊಟ್ಟಿದ್ದರು. ಆತ ಬಿಡಿಸಿಯೂ ನೋಡಿರಲಿಲ್ಲ.

ಸಿದ್ದಗಂಗೆಗೂ ಓದೆಂದರೆ ಅಷ್ಟಕ್ಕಷ್ಟೇ. ಬಾಯಿಪಾಠ ಒಪ್ಪಿಸಿದರೆ ಮುಗಿಯಿತು. ಆದರೆ ಗುಡ್ಲಿನಲ್ಲಿ ಎದ್ದರೆ ತಲೆಗೆ ಸೋಗೆ ತಾಗುತ್ತಿತ್ತು, ಕಾಲು ಚಾಚಿದರೆ ಹೊರಗೆ ಹೋಗುತ್ತಿತ್ತು. ದೂರದಲ್ಲಿ ಶಾಲೆಯ ಗಂಟೆ ಹೊಡೆಯುತ್ತಿತ್ತು. ಮೂರನೇ ದಿನ ಬೇಸತ್ತು ಪುಸ್ತಕ ತೆಗೆದಳು. ಸುಳಿ ಕೊರೆಯುವ ದುಂಬಿ ಹುಟ್ಟುವುದು ತಿಪ್ಪೆಯಲ್ಲಂತೆ. ಇವತ್ತು ಬಿರಿಯುವ ಹೊಂಬಾಳೆ ಎರಡು ವರ್ಷಕ್ಕೂ ಮೊದಲೇ ಮರದೊಳಗೆ ಮೂಡಿರುತ್ತದಂತೆ. ಹುಟ್ಟಿದಾಗಿನಿಂದ ನೋಡಿದ ಮರ ಅವಳಿಗೆ ಆವತ್ತು ಕಂಡಿತು. ನಾಲ್ಕು ಸಲ ಓದಿದಳು. ಹಸಿವು ಹೋಗಲಿಲ್ಲ.

"ಅಜ್ಜೀ, ಇನ್ನೊಂದ್ ಪುಸ್ತಕ ತಂದ್ಕೊಡಜ್ಜಿ."

"ಮುದ್ದೆ ತಿನ್ನೇ ಸುಮ್ಕೆ."

"ಹರಳು ಉದ್ರೋದು ಗೊಬ್ರ ನೀರು ಸಾಲ್ದೆ ಅಂತ ಬರ್ದವ್ರೆ ಕಣಜ್ಜಿ. ನೆಳ್ಳು ಅಂತ ಎಲ್ಲೂ ಇಲ್ಲ."

"ಬರ್ದೋನು ಗುಡ್ಲಾಗ್ ಕುಂತಿದ್ನಾ? ಮಡಗೇ ಅದನ್ನ ಮಡಕೆ ಮ್ಯಾಲೆ!"

"ನಾನಿಲ್ಲಿ ಕುಂತು ಒಂಬತ್ ದಿನ ಆಯ್ತು. ತ್ವಾಟದಾಗೆ ಉದ್ರೋದು ನಿಂತೈತಾ?"

ಆವತ್ತು ಬೆಳಿಗ್ಗೆ ಅಜ್ಜಿಯೇ ಒಂದು ಮಂಕರಿ ಹರಳು ಗುಡಿಸಿ ತಿಪ್ಪೆಗೆ ಸುರಿದಿದ್ದಳು.

ಭಾನುವಾರ ನೀರೆರೆದು ಗುಡ್ಲಿಗೆ ಬೆಂಕಿಯಿಟ್ಟರು. ಪುಸ್ತಕವೂ ಉರಿಯಿತು. ಸಿದ್ದಗಂಗೆ ಅಳಲಿಲ್ಲ.

ಸೋಮವಾರ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆ. ಪೆನ್ನು ಹಿಡಿದು ಹೊರಟವಳನ್ನು ತೋಟದ ಬಾಯಲ್ಲಿ ಗಂಗಾಧರಯ್ಯ ತಡೆದ.

"ಊರೋರ್ಗೆ ನಾನೇನವ್ವ ಹೇಳ್ಲಿ? ನಿನ್ ಅತ್ತೇರೆಲ್ಲ ಇಸ್ಕೂಲ್ ಬಿಟ್ಟವ್ರೆ. ನೀನೇನ್ ಮ್ಯಾಲಿಂದ ಇಳ್ದ್ ಬಂದ್ಯಾ?"

"ಅತ್ತೇರು ಬಿಟ್ಟಿಲ್ಲ ಕಣಪ್ಪ. ಬಿಡಿಸ್ದ್ರಿ."

"ನಾಳೆ ಹರಳು ಉದುರಿದ್ರೆ?"

"ಗೊಬ್ರ ಹಾಕಪ್ಪ."

ಅವನ ಕೈ ಮೇಲೆದ್ದಿತು. ಅವಳು ಕದಲಲಿಲ್ಲ. ತೋಟದ ದಾರಿಯಲ್ಲಿ ಪರೀಕ್ಷೆಗೆ ಹೊರಟ ಹುಡುಗರು ನಿಂತು ನೋಡುತ್ತಿದ್ದರು.

"ಮನೆಗ್ ನಡಿಯೇ."

"ಹೋಗಲ್ಲ," ಎಂದಳು ಸಿದ್ದಗಂಗೆ. ತೋಟದೊಳಕ್ಕೆ ಕಾಲಿಟ್ಟಳು.